ಕಡಲ ಬೆಳಕಿನ ಗುಟ್ಟು

ಕಗ್ಗತ್ತಲಲ್ಲಿ ದೋಣಿಯ ಹುಟ್ಟು ನೀರಿಗೆ ತಾಗಿದೊಡನೆ ನೀಲಿ ಬೆಳಕು ಚಿಮ್ಮುವುದನ್ನು ಕಡಲ ಮಕ್ಕಳು ಶತಮಾನಗಳಿಂದ ಕಂಡಿದ್ದಾರೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳೂ ಹೀಗೆ ಹೊಳೆದಾಗ ನಾವು ಬೆರಗಾದೆವು, ತುಸು ಬೆದರಿದೆವು ಕೂಡ. ಅರಿಯದ ಬೆಳಕು ಕತ್ತಲಿಗಿಂತ ಹೆಚ್ಚು ಹೆದರಿಸುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಉಪ್ಪು ಮತ್ತು ನೀರಿನ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತೇ ಈ ಬೆಳಕೆಂದು ನಂಬಿದ್ದರು. ಆದರೆ ಸೀಸೆಯಲ್ಲಿಟ್ಟ ಕಡಲ ನೀರು ಕೆಲವೇ ಗಂಟೆಗಳಲ್ಲಿ ಹೊಳಪು ಕಳೆದುಕೊಂಡಿತು. ನೀರಿಗೆ ಉಪ್ಪು ಬೆರೆಸಿ ಕಲಕಿದರೆ ಬೆಳಕೇ ಬರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳೇ ಕಾರಣವಿರಬಹುದೆಂದು ಗೆಳೆಯ ಜೇಮ್ಸ್ ಬೌಡೊಯಿನ್ ಬರೆದಾಗ, 1753ರಲ್ಲಿ ಫ್ರಾಂಕ್ಲಿನ್ ಆ ಮಾತಿಗೆ ಮನ್ನಣೆ ಕೊಟ್ಟರು. ಅದೇ ವರ್ಷ ಇಂಗ್ಲೆಂಡಿನ ಹೆನ್ರಿ ಬೇಕರ್ ತಮ್ಮ ಸೂಕ್ಷ್ಮದರ್ಶಕದ ಗ್ರಂಥದಲ್ಲಿ ಅಂಥ ಜೀವಿಯೊಂದನ್ನು ವರ್ಣಿಸಿದರು. ಇಂದು ಅದರ ಹೆಸರು ನಾಕ್ಟಿಲೂಕಾ. ಒಂದೇ ಜೀವಕೋಶದ ದೇಹ.

ಮುಂದೆ 1880ರ ದಶಕದಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬುವಾ ಹೊಳೆಯುವ ಕೀಟ ಮತ್ತು ಚಿಪ್ಪುಜೀವಿಗಳನ್ನು ಪರೀಕ್ಷಿಸಿ, ಲೂಸಿಫೆರಿನ್, ಲೂಸಿಫೆರೇಸ್ ಎಂಬ ಎರಡು ವಸ್ತುಗಳು ಕೂಡಿದಾಗ ತಣ್ಣನೆಯ ಬೆಳಕು ಹುಟ್ಟುತ್ತದೆಂದು ತೋರಿಸಿದರು. ಪ್ಲವಕಗಳಲ್ಲೂ ಇದೇ ಬಗೆಯ ಕ್ರಿಯೆ ನಡೆಯುತ್ತದೆ. ಅಲೆಯೋ ಮೀನೋ ತಾಗಿದರೆ ಜೀವಕೋಶದಲ್ಲಿ ವಿದ್ಯುತ್ ಮಿಡಿತವೊಂದು ಹರಿಯುತ್ತದೆ. ಒಳಗಿನ ಪುಟ್ಟ ಚೀಲಗಳಲ್ಲಿ ಆಮ್ಲತೆ ಏರುತ್ತದೆ. ಲೂಸಿಫೆರೇಸ್ ಎಚ್ಚೆತ್ತು, ಲೂಸಿಫೆರಿನ್ ಆಮ್ಲಜನಕದೊಡನೆ ಕೂಡಿ, ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗ ನೀಲಿಯಾಗಿ ಮಿಂಚುತ್ತದೆ. ತಿನ್ನಲು ಬಂದದ್ದು ಬೆಚ್ಚಿ ಹಿಂಜರಿಯುತ್ತದೆ.

ಫ್ರಾಂಕ್ಲಿನ್ ಊಹೆ ತಪ್ಪಿತ್ತು. ಆದರೆ ತಮ್ಮ ಮಾತಿಗಿಂತ ಸೀಸೆಯ ನೀರನ್ನು ಹೆಚ್ಚು ನಂಬಿದ್ದು ಅವರ ದೊಡ್ಡತನ. ನಮ್ಮ ನಮ್ಮ ಊಹೆಗಳನ್ನೇ ಸತ್ಯವೆಂದು ಹಿಡಿದು ಜಗಳಕ್ಕೆ ನಿಲ್ಲುವ ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.