ಕೈ ಮುಗಿದಂಥಾ ಮನಿ

ಅಕ್ಕಾರ, ವೈನಿಯವರ, ಈ ಸಲ ಒಂದು ದೂರದ ಮನೀ ಕತಿ ಹೇಳತೀನಿ. ಜಪಾನ್ ದೇಶದ ಗಿಫು ಪ್ರಾಂತದಾಗ, ಗುಡ್ಡದ ನಡಕ ಶಿರಾಕಾವಾ ಅಂತ ಊರೈತಿ. ಚಳಿಗಾಲದಾಗ ಅಲ್ಲಿ ಆಳೆತ್ತರ ಹಿಮಾ ಬೀಳತೈತಿ. ಆ ಊರಿನ ಒಗಿಮಾಚಿ ಅನ್ನೂ ಹಳ್ಳಿ, ಮತ್ತ ಹತ್ತಿರದ ಗೋಕಾಯಾಮಾದ ಎರಡು ಹಳ್ಳಿ, ಇವನ್ನ 1995ರಾಗ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸ್ಯಾರ. ಅಲ್ಲಿಯ ಹುಲ್ಲಿನ ಮನಿ ನೋಡಿದ್ರ ನಮ್ಮ ಕಣಕಿ ಬಣವಿಗೇ ಬಾಗಲಾ ಕಿಡಕಿ ಇಟ್ಟಂಗ ಕಾಣತಾವ.

ಇವಕ್ಕ ಗಾಶ್ಶೋ ಮನಿ ಅಂತಾರ. ಗಾಶ್ಶೋ ಅಂದ್ರ ಅಂಗೈ ಜೋಡಿಸಿ ಕೈ ಮುಗಿಯೂದು. ಛಾವಣಿ ಹಂಗ, ಹತ್ತಿರ ಹತ್ತಿರ 60 ಡಿಗ್ರಿ ಕಡಿದಾಗಿರತೈತಿ. ಹಿಮಾ ನಿಲ್ಲದ ಜಾರಿ ಬೀಳಬೇಕಲ್ಲ! ಒಗಿಮಾಚಿಯೊಳಗ ಛಾವಣಿಯ ಒಂದು ಮಗ್ಗಲು ಮೂಡಣಕ್ಕ, ಇನ್ನೊಂದು ಪಡುವಣಕ್ಕ ಇರತೈತಿ. ಎರಡಕ್ಕೂ ಬಿಸಲು ಬಿದ್ದು ಹುಲ್ಲು ಒಣಗತೈತಿ. ಛಾವಣಿಯ ದೊಡ್ಡ ತೊಲಿಗೋಳಿಗೆ ಮೊಳೀ ಇಲ್ಲ. ಹಗ್ಗ ಮತ್ತ ಬಾಗೂವಂಥಾ ಹಸೀ ಕಟಿಗಿಯಿಂದ ಬಿಗದಿರತಾರ. ತೊಲಿಯ ಬುಡಾ ಚೂಪ ಮಾಡಿ ತೂತಿನಾಗ ಕುಂಡರಸತಾರ. ಗಾಳಿ ಜೋರಾದ್ರ ಛಾವಣಿ ಒಂದೀಟ ಅಲಗತೈತಿ, ಮುರಿಯೂದಿಲ್ಲ.

ಇಷ್ಟು ದೊಡ್ಡ ಅಟ್ಟ ಯಾಕ ಬೇಕಿತ್ತು? ರೇಷ್ಮಿ ಹುಳಕ್ಕ. ಕೆಳಗ ಮಂದಿ, ಮ್ಯಾಲಿನ ಎರಡು ಮೂರು ಅಟ್ಟದಾಗ ಹುಳ. ಗುಡ್ಡದ ನಾಡಿನಾಗ ಬತ್ತ ಬೆಳಿಯೂ ಸಪಾಟ ನೆಲಾ ಕಡಿಮಿ, ಅದಕ್ಕ ಹಿಪ್ಪುನೇರಳೆ ಬೆಳದು ಹುಳ ಸಾಕಿದ್ರು. ನಡುಮನಿ ನೆಲದಾಗ ಒಂದು ಒಲಿ ಸದಾ ಉರೀತಿತ್ತು. ಅಟ್ಟದ ಹಲಗಿ ಸಂದು ಬಿಟ್ಟು ಹಾಸಿರತಾರ. ಬಿಸಿ ಏರಿ ಹುಳಕ್ಕ ಹಿತ, ಹೊಗಿ ಏರಿ ಹುಲ್ಲಿಗೆ ರಕ್ಷಣಿ. ಹೊಗಿ ಹಿಡಿದ ಹುಲ್ಲಿಗೆ ಹುಳಾ ಹತ್ತೂದಿಲ್ಲ, ಲಗೂ ಕೊಳಿಯೂದಿಲ್ಲ. ನಮ್ಮ ಹಳೀ ಅಡಗಿಮನಿ ಜಂತಿ ಮಸಿ ಹಿಡಿದು ಕರ್ರಗ ಹೊಳೀತಿದ್ದದ್ದು ನೆನಪಾತು ನನಗ.

ನೆಲದ ಕೆಳಗೂ ಕೆಲಸ ಬಿಟ್ಟಿಲ್ಲ ಆ ಮಂದಿ. ಒಲಿ ಮಗ್ಗಲಕ್ಕ ತೆಗ್ಗು ತಗದು ಮಣ್ಣು, ರೇಷ್ಮಿ ಹುಳದ ಹಿಕ್ಕಿ, ಸೊಪ್ಪು ಪದರ ಪದರಾಗಿ ಹಾಕಿ ವರ್ಷಗಟ್ಟಲೆ ಕೊಳೀಲಿಕ್ಕೆ ಬಿಡತಿದ್ರು. ಅದರಿಂದ ಪೆಟ್ಲುಪ್ಪು ತಗೀತಿದ್ರು, ಬಂದೂಕಿನ ಮದ್ದಿಗೆ. ಗೋಕಾಯಾಮಾದ ಪೆಟ್ಲುಪ್ಪು ಕಾಗಾ ಸಂಸ್ಥಾನದ ದೊರಿಗೆ ಹೋಗತಿತ್ತು. ಹುಳದ ಹೊಲಸೂ ರೊಕ್ಕಾ ಆತು ನೋಡ್ರಿ!

ಮುಂದ ಪರದೇಶದ ಸೋವಿ ಪೆಟ್ಲುಪ್ಪು ಬಂತು, ಇದು ನಿಂತಿತು. ರೇಷ್ಮಿನೂ ಇಳೀತು. ಮಂದಿ ಪಟ್ಟಣಾ ಹಿಡಿದ್ರು, ಅಣೆಕಟ್ಟಿಗೆ ಎಷ್ಟೋ ಮನಿ ಮುಳುಗಿದ್ವು. ಆಗ, 1971ರಾಗ, ಒಗಿಮಾಚಿಯವರು ಕೂಡಿ ಮೂರು ಮಾತು ಕಟ್ಟಿಕೊಂಡ್ರು: ಮನಿ ಮಾರಬಾರದು, ಬಾಡಿಗಿಗೆ ಕೊಡಬಾರದು, ಕೆಡವಬಾರದು.

ಮಾತು ಕಟ್ಟಿಕೊಂಡ್ರ ಸಾಲದು. ಹುಲ್ಲು 30-40 ವರ್ಷಕ್ಕ ಬದಲಿಸಬೇಕು. ನಮ್ಮಲ್ಲಿ ಮುಯ್ಯಾಳು ಅಂತಿದ್ವಲ್ಲ, ಅಲ್ಲಿ ಅದಕ್ಕ 'ಯುಯಿ' ಅಂತಾರ. ಇನ್ನೂರು ಮಂದಿವರೆಗೂ ಕೂಡಿ ಒಂದು ಮಗ್ಗಲು ಒಂದೆರಡು ದಿನದಾಗ ಹೊದಿಸಿಬಿಡತಾರ. ಇವತ್ತು ನಿನ್ನ ಮನಿ, ನಾಳೆ ನನ್ನ ಮನಿ. ಕೆಲಸದವರಿಗೆ ಊಟ ಮಾಡಿ ಹಾಕೂದೂ ಆ ಲೆಕ್ಕದಾಗ ಬರತೈತಿ.

ಈಗ ಹುಳ ಇಲ್ಲ, ಆದ್ರೂ ಹುಲ್ಲಿಗೆ ಹೊಗಿ ಬೇಕು. ಪ್ರವಾಸಿಗರಿಗೆ ತೆರೆದ ಮನಿಗಳಾಗ ಇಂದಿಗೂ ಒಲಿ ಉರಸತಾರ. ಬೀಗಾ ಹಾಕಿದ ಮನಿ ಲಗೂ ಬೀಳತೈತಿ ಅಂತ ನಮ್ಮ ಹಿರ್ಯಾರು ಹೇಳೂ ಮಾತು ಅಲ್ಲಿಗೂ ಖರೇ. ಊರಾಗ ಹಳೀ ಮನಿ ಇದ್ದವರು ವರ್ಷಕ್ಕ ಎರಡು ಸಲಾನರ ಹೋಗಿ ಬಾಗಲಾ ತಗೀರಿ, ಕಸಾ ಹೊಡೀರಿ, ಒಂದು ದಿನಾ ಒಲಿ ಹಚ್ಚಿ ಅಡಗಿ ಮಾಡ್ರಿ. ರಿಪೇರಿ ಲೆಕ್ಕಾ ಆಮ್ಯಾಲ ಅಣ್ಣತಮ್ಮಂದ್ರು ಕುಂತು ಮಾಡಲಿ.