ಮೆಕ್ಕೆಜೋಳ ಬೆಳೆದವರು ಯಾರು?

ಉಳುವವನೇ ಹೊಲದೊಡೆಯ ಅನ್ನುವ ಮಾತು ನಮಗೆಲ್ಲ ಬಾಯಿಪಾಠ. ಆದರೆ ಉಳುವವನು ಯಾರು ಅಂತ ಗೊತ್ತುಮಾಡುವವರು ಯಾರು? ಅಮೆರಿಕದ ಗಡಿನಾಡಿನ ಭೂವ್ಯಾಜ್ಯಗಳ ಚರಿತ್ರೆಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

1779ರಲ್ಲಿ ವರ್ಜೀನಿಯಾ ಸರ್ಕಾರ ಕೆಂಟಕಿ ಸೀಮೆಗೆ ಅನ್ವಯಿಸುವ ಭೂಕಾಯ್ದೆ ತಂದಿತು. 1778ಕ್ಕೆ ಮುಂಚೆ ಅಲ್ಲಿ ಒಂದು ವರ್ಷ ನೆಲೆಸಿದವನಿಗೆ, ಇಲ್ಲವೇ ಒಂದು ಬೆಳೆ ಮೆಕ್ಕೆಜೋಳ ತೆಗೆದವನಿಗೆ 400 ಎಕರೆ. ಪಕ್ಕದ 1,000 ಎಕರೆ ಕೊಳ್ಳಲು ಮೊದಲ ಹಕ್ಕು. ಸರ್ಕಾರ ಮುಂಚಿತವಾಗಿ ಮೋಜಣಿ ಮಾಡಿಸಲಿಲ್ಲ. ಮರಕ್ಕೆ ಕಚ್ಚು ಹಾಕಿ, ಹಳ್ಳ ತೋರಿಸಿ ಜನ ಚಕ್ಕುಬಂದಿ ಬರೆಸಿಕೊಂಡರು. ಹೆಂಚು ಹೊದಿಸಿದ ಹಾಗೆ ಒಬ್ಬನ ಹಕ್ಕಿನ ಮೇಲೆ ಇನ್ನೊಬ್ಬನ ಹಕ್ಕು ಬಿತ್ತು. ಕೋರ್ಟುಗಳು ತುಂಬಿದವು. ಆ ಸೀಮೆಗೆ ದಾರಿ ಕಡಿದವನೆಂದು ಹೆಸರಾದ ಡೇನಿಯಲ್ ಬೂನ್‌ಗೇ ಕಾಗದ ಸರಿಯಿಲ್ಲದೆ ಜಮೀನು ಹೋಯ್ತು. 1799ರಲ್ಲಿ ಮಿಸೌರಿ ಕಡೆಗೆ ಹೊರಟ. ಅವನ ದುಃಖ ಕತೆಯಾಯ್ತು, ಚರಿತ್ರೆಯೂ ಆಯ್ತು.

ಆದರೆ ಆ ಮೆಕ್ಕೆಜೋಳ ಯಾರದು? ಬಿಳಿಯರಿಗೆ ಅದನ್ನು ಬೆಳೆಯಲು ಕಲಿಸಿದ್ದೇ ಅಲ್ಲಿನ ಮೂಲನಿವಾಸಿಗಳು. ಓಹಾಯೋ ಸೀಮೆಯ ಶಾನೀ ಹೆಂಗಸರು ಅದನ್ನೇ ಬೆಳೆದು ಊರು ಸಾಕುತ್ತಿದ್ದರು. ಕಾಯ್ದೆ ಬಂದ ಮರುವರ್ಷ, 1780ರಲ್ಲಿ, ಜಾರ್ಜ್ ರೋಜರ್ಸ್ ಕ್ಲಾರ್ಕ್‌ನ ಕೆಂಟಕಿ ದಂಡು ನದಿ ದಾಟಿ ಅವರ ಊರುಗಳನ್ನು ಸುಟ್ಟಿತು, ನೂರಾರು ಎಕರೆ ಜೋಳವನ್ನು ನಾಶಮಾಡಿತು. ಬಿಳಿಯ ಬೆಳೆದರೆ ಜೋಳ ಹಕ್ಕುಪತ್ರ. ಶಾನೀ ಹೆಂಗಸು ಬೆಳೆದರೆ ಬೆಂಕಿಗೆ.

ಇನ್ನು ಕರಿಯರು. 1790ರ ಗಣತಿಯಲ್ಲಿ ಕೆಂಟಕಿಯಲ್ಲಿ ಸುಮಾರು 12 ಸಾವಿರ ಗುಲಾಮರಿದ್ದರು. ಕಾಡು ಕಡಿದವರಲ್ಲಿ, ಉತ್ತವರಲ್ಲಿ ಅವರೂ ಇದ್ದರು. ಪತ್ರ ಮಾತ್ರ ಧಣಿ ಹೆಸರಿಗೆ. ಗುಲಾಮನೇ ಧಣಿಯ ಆಸ್ತಿ, ಆಸ್ತಿಗೆಲ್ಲಿಯ ಆಸ್ತಿ?

ಇದನ್ನೆಲ್ಲ ಕಾನೂನಿನ ಭಾಷೆಯಲ್ಲಿ ಕೂರಿಸಿದ್ದು 1823ರ ಜಾನ್ಸನ್–ಮೆಕಿಂಟಾಶ್ ತೀರ್ಪು. 1773 ಮತ್ತು 1775ರಲ್ಲಿ ಇಲಿನಾಯ್, ಪಿಯಾಂಕೆಶಾ ಬುಡಕಟ್ಟುಗಳಿಂದ ನೆಲ ಕೊಂಡವರ ಹಕ್ಕು ಒಂದು ಕಡೆ, ಸರ್ಕಾರದಿಂದ ಕೊಂಡವನದು ಇನ್ನೊಂದು ಕಡೆ. ಆ ಬುಡಕಟ್ಟುಗಳು ಮೊಕದ್ದಮೆಯಲ್ಲಿ ಕಕ್ಷಿದಾರರೇ ಅಲ್ಲ! ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್, 'ಕಂಡುಹಿಡಿದ'ವರಿಗೆ ಒಡೆತನ, ಮೊದಲಿಂದ ಇದ್ದವರಿಗೆ ಅನುಭೋಗ ಮಾತ್ರ, ಅವರು ನೆಲ ಬಿಟ್ಟುಕೊಡುವುದಾದರೆ ಸರ್ಕಾರಕ್ಕೇ ಬಿಡಬೇಕು ಅಂತ ಬರೆದ. ಅವರು ಮುಖ್ಯವಾಗಿ ಕಾಡಿನಿಂದ ಹೊಟ್ಟೆ ಹೊರೆಯುವವರು ಅಂತಲೂ ಬರೆದ. ಹಾಗಾದರೆ ಕ್ಲಾರ್ಕ್‌ನ ದಂಡು ನಾಶಮಾಡಿದ್ದು ಏನನ್ನು? ಮಾರ್ಷಲ್‌ನ ಮನೆತನಕ್ಕೆ ಕೆಂಟಕಿಯಲ್ಲಿ ಜಮೀನಿತ್ತು ಅನ್ನುವುದನ್ನೂ ಮರೆಯಬಾರದು.

2005ರಲ್ಲಿ ಒನೈಡಾ ಜನರ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದೇ ತತ್ವವನ್ನು ನೆನೆಯಿತು. 2023ರಲ್ಲಿ ವ್ಯಾಟಿಕನ್ 'ಕಂಡುಹಿಡಿದ ಹಕ್ಕ'ನ್ನು ತಿರಸ್ಕರಿಸಿತು. ನೆಲ ಮಾತ್ರ ವಾಪಸಾಗಲಿಲ್ಲ.

ಬೂನ್‌ಗೆ ಕಾಗದ ಮೋಸ ಮಾಡಿತು ನಿಜ. ಆದರೆ ಕೋರ್ಟಿಗೆ ಹೋಗುವ ಬಾಗಿಲು ಅವನಿಗಿತ್ತು. ದಾಖಲೆ ಕೈಗೆತ್ತಿಕೊಂಡಾಗ ದಲಿತ ವಿಮರ್ಶೆ ಮೊದಲು ಕೇಳಬೇಕಾದ್ದು ಇಷ್ಟೇ: ಸಾಕ್ಷಿಯ ಕಟಕಟೆಗೆ ಕರೆಯದೇ ಬಿಟ್ಟದ್ದು ಯಾರನ್ನು?