ನಲಿ-ಕಲಿ

ನಲಿ-ಕಲಿ: ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಲ್ಲಿ 1ರಿಂದ 3ನೆಯ ತರಗತಿಯವರೆಗಿನ ಮಕ್ಕಳಿಗಾಗಿ ರೂಪುಗೊಂಡ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ. ಹಾಡು, ಕಥೆ, ಆಟ, ಚಿತ್ರ, ಅಭಿನಯ, ಕೈಕೆಲಸಗಳ ಮೂಲಕ ಕನ್ನಡ, ಗಣಿತ ಮತ್ತು ಪರಿಸರ ಅಧ್ಯಯನವನ್ನು ಕಲಿಸುವುದು ಇದರ ಕ್ರಮ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂಡಿ ಕುಳಿತರೂ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮುಂದೆ ಸಾಗುತ್ತದೆ. ಪಾಠ ಮುಗಿದ ಮೇಲೆ ಬೇಸರ ಕಳೆಯಲು ಆಡಿಸುವ ಆಟಕ್ಕೂ ಇಲ್ಲಿನ ಚಟುವಟಿಕೆಗೂ ವ್ಯತ್ಯಾಸವಿದೆ: ಇಲ್ಲಿ ಪ್ರತಿ ಚಟುವಟಿಕೆಗೂ ಕಲಿಕೆಯ ಸರಣಿಯಲ್ಲಿ ಗೊತ್ತಾದ ಜಾಗವಿದೆ. ಈ ಪದ್ಧತಿಯ ನಿಜವಾದ ಶಕ್ತಿಯೂ ಅದೇ.

ಹಿನ್ನೆಲೆ

ಮಾಡುತ್ತ ಕಲಿಯುವ ವಿಚಾರ ಭಾರತದ ಶಿಕ್ಷಣ ಚಿಂತನೆಗೆ ಹೊಸದಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು ಕಥೆ, ನಾಟಕ, ಆಟಗಳನ್ನೇ ಬೋಧನೆಯ ಸಾಧನ ಮಾಡಿಕೊಂಡರು. 1937ರಲ್ಲಿ ಗಾಂಧೀಜಿ ವಾರ್ಧಾ ಸಮ್ಮೇಳನದಲ್ಲಿ ಕಸುಬನ್ನು ಕೇಂದ್ರವಾಗಿಟ್ಟ ಮೂಲಶಿಕ್ಷಣದ ಯೋಜನೆ ಮುಂದಿಟ್ಟರು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಕುಣಿತ, ನಾಟಕ, ಪ್ರಕೃತಿ ವೀಕ್ಷಣೆಗಳನ್ನು ಮಕ್ಕಳ ಕಲಿಕೆಯೊಡನೆ ಬೆಸೆದರು. ಆದರೆ ಇಂಥ ಪ್ರಯೋಗಗಳು ಹೆಚ್ಚಾಗಿ ಒಬ್ಬ ವ್ಯಕ್ತಿಯ ಅಥವಾ ಒಂದು ಸಂಸ್ಥೆಯ ಆವರಣದಲ್ಲೇ ಉಳಿದವು. ಅವುಗಳ ಆಶಯವನ್ನು ಸಾಮಾನ್ಯ ಸರ್ಕಾರಿ ಶಾಲೆಯ ದಿನಚರಿಗೆ ತಂದುದರಿಂದ ನಲಿ-ಕಲಿಗೆ ವಿಶೇಷ ಮಹತ್ವವಿದೆ.

ಇದಕ್ಕೆ ನೇರ ಪ್ರೇರಣೆ ದೊರೆತದ್ದು ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪವಿರುವ ಋಷಿವ್ಯಾಲಿಯಿಂದ. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ, ಏಕೋಪಾಧ್ಯಾಯ ಶಾಲೆಗಳಿಗೆಂದು ಪಠ್ಯಪುಸ್ತಕದ ಬದಲು ಕಾರ್ಡುಗಳನ್ನು ಬಳಸುವ ಕ್ರಮವನ್ನು ಬೆಳೆಸಿದ್ದರು. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ತಂಡವೊಂದು ಆ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ಹೊಂದುವ ಸಾಮಗ್ರಿಯನ್ನು ತಾವೇ ರಚಿಸಿತು. ಕಾಡಂಚಿನ ಈ ತಾಲ್ಲೂಕಿನಲ್ಲಿ ಜೇನುಕುರುಬ, ಕಾಡುಕುರುಬ ಹಾಡಿಗಳಿವೆ. ಸುಗ್ಗಿಯ ಕೆಲಸಕ್ಕೋ ತಂಗಿ-ತಮ್ಮಂದಿರನ್ನು ನೋಡಿಕೊಳ್ಳಲೋ ಮಕ್ಕಳು ದಿನಗಟ್ಟಲೆ ಶಾಲೆ ಬಿಡುವುದು ಮಾಮೂಲಾಗಿತ್ತು. ಮರಳಿ ಬಂದಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತಿತ್ತು. ಹಿಂದೆ ಬಿದ್ದ ಮಗು ಕ್ರಮೇಣ ಶಾಲೆಯನ್ನೇ ಬಿಡುತ್ತಿತ್ತು. ಹೊಸ ಪದ್ಧತಿಯಲ್ಲಿ ಮಗು ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದುವರಿಯಬಹುದಾಯಿತು.

ಕಲಿಕಾ ಏಣಿ ಮತ್ತು ಕಾರ್ಡುಗಳು

ಪಠ್ಯವಸ್ತುವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು, ಕೆಲವು ಹಂತಗಳನ್ನು ಸೇರಿಸಿ ಒಂದು ಮೈಲಿಗಲ್ಲು ಮಾಡಲಾಗಿದೆ. ಇವುಗಳ ಕ್ರಮವನ್ನು ತೋರಿಸುವ ನಕ್ಷೆಯೇ ಗೋಡೆಯ ಮೇಲಿನ ಕಲಿಕಾ ಏಣಿ. ಪ್ರತಿ ಹಂತಕ್ಕೂ ಒಂದು ಕಾರ್ಡು. ಅದರ ಮೇಲೆ ಪ್ರಾಣಿ, ಪಕ್ಷಿ ಮುಂತಾದವುಗಳ ಚಿತ್ರವಿರುವ ಲೋಗೊ. ಓದಲು ಬಾರದ ಮಗುವೂ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಗುರುತಿಸಿ ಅದೇ ಲೋಗೊ ಇರುವ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದು ಮೈಲಿಗಲ್ಲಿನಲ್ಲಿ ಪೂರ್ವಸಿದ್ಧತೆ, ಕಲಿಕೆ, ಅಭ್ಯಾಸ, ಬಳಕೆ, ಮೌಲ್ಯಮಾಪನದ ಚಟುವಟಿಕೆಗಳು ಒಂದರ ಹಿಂದೊಂದು ಬರುತ್ತವೆ. ಹೀಗಾಗಿ ಪರೀಕ್ಷೆಯೆಂಬ ಭಯದ ದಿನ ಪ್ರತ್ಯೇಕವಾಗಿಲ್ಲ.

ಕನ್ನಡ ಅಕ್ಷರ ಕಲಿಸುವ ರೀತಿ ಇದಕ್ಕೆ ಒಳ್ಳೆಯ ನಿದರ್ಶನ. ವರ್ಣಮಾಲೆಯ ಅನುಕ್ರಮ ಬಿಟ್ಟು ಮೊದಲ ಗುಂಪಿನಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿಸುತ್ತಾರೆ. ಇವು ಬರೆಯಲು ಸುಲಭ, ಆಕಾರದಲ್ಲೂ ಒಂದಕ್ಕೊಂದು ಹತ್ತಿರ. ಇಷ್ಟು ಬಂದರೆ ಸಾಕು, ಕಾಗುಣಿತ ಒತ್ತಕ್ಷರಗಳ ಗೊಡವೆಯಿಲ್ಲದೆ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ಬಸವ, ನಗರ ಕೈಗೆಟುಕುತ್ತವೆ. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಾರೆ, ನೆಲದ ಮೇಲೆ ಬರೆದ ಅಕ್ಷರದ ಗೆರೆಗುಂಟ ಹುಣಸೆಬೀಜ ಜೋಡಿಸುತ್ತಾರೆ, ಅಕ್ಷರದ ಬಿಲ್ಲೆಗಳನ್ನು ಹಿಡಿದು ಸಾಲಾಗಿ ನಿಂತು ತಾವೇ ಪದವಾಗುತ್ತಾರೆ. ಗ, ರ, ಗ, ಸ ಹಿಡಿದ ನಾಲ್ವರಲ್ಲಿ ಮೊದಲಿಬ್ಬರು ಜಾಗ ಬದಲಿಸಿಕೊಂಡರೆ ಪದ ಕೆಡುತ್ತದೆ. ಎಲ್ಲಿ ತಪ್ಪಾಯಿತೆಂದು ನೋಡುತ್ತಿರುವ ಮಕ್ಕಳೇ ಹೇಳುತ್ತಾರೆ.

ತರಗತಿಯ ವ್ಯವಸ್ಥೆ

ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಪ್ರತಿ ಗುಂಪಿಗೂ ಅದರ ಸ್ವರೂಪ ಸೂಚಿಸುವ ತಟ್ಟೆಯಿರುತ್ತದೆ: ಶಿಕ್ಷಕರ ಪೂರ್ಣ ನೆರವು ಬೇಕಾದವರು, ಅಲ್ಪ ನೆರವು ಸಾಕಾದವರು, ಸಹಪಾಠಿಯ ನೆರವಿನಿಂದ ಕಲಿಯುವವರು, ತಾವೇ ಅಭ್ಯಾಸ ಮಾಡುವವರು. ಗುಂಪು ತರಗತಿಗೆ ಅಂಟಿಕೊಂಡಿಲ್ಲ; ಮಗು ಕೈಗೆತ್ತಿಕೊಂಡ ಕಾರ್ಡು ಅದರ ಗುಂಪನ್ನು ನಿರ್ಧರಿಸುತ್ತದೆ. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಬಣ್ಣ ಬಳಿದು ಪ್ರತಿಯೊಬ್ಬರಿಗೂ ಬರೆಯುವ ಜಾಗ ಮಾಡಿರುತ್ತಾರೆ. ತಲೆಯ ಮೇಲೆ ದಾರಗಳನ್ನು ಅಡ್ಡಡ್ಡ ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರ, ಕಾಗದದ ಹಕ್ಕಿ, ಬೆಂಡೆಕಾಯಿ ಅಚ್ಚಿನ ಹೂಗಳು ತೂಗುತ್ತವೆ. ಪ್ರಗತಿ ನೋಟದ ಪಟ್ಟಿಯಲ್ಲಿ ಯಾವ ಮಗು ಎಲ್ಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಲ್ಲಿ ಶಿಕ್ಷಕರನ್ನು ಸುಗಮಕಾರರೆಂದು ಕರೆಯುತ್ತಾರೆ.

ಗಣಿತ ಮತ್ತು ಪರಿಸರದ ಚಟುವಟಿಕೆಗಳು

ಹತ್ತು ಕಡ್ಡಿಗಳನ್ನು ಕಟ್ಟಿದರೆ ಒಂದು ಕಟ್ಟು. ಮೂರು ಕಟ್ಟು, ಬಿಡಿ ನಾಲ್ಕು ಕಡ್ಡಿ ಎಂದರೆ 34. ಅದರಲ್ಲಿ 8 ಕಳೆಯಬೇಕಾದಾಗ ಮಗು ಒಂದು ಕಟ್ಟನ್ನು ಬಿಚ್ಚಲೇಬೇಕು. ದಶಕ ಪಡೆಯುವುದೆಂದರೇನು ಎಂಬುದು ಆಗ ಅದರ ಕೈಗೇ ಗೊತ್ತಾಗುತ್ತದೆ. ಹದಿನಾಲ್ಕು ಗುಳಿಗಳ ಅಳಗುಳಿಮಣೆ, ಚೌಕಾಬಾರ, ಕುಂಟೆಬಿಲ್ಲೆಯಂಥ ಊರಿನ ಆಟಗಳೂ ಎಣಿಕೆಗೆ, ಹಂಚಿಕೆಗೆ ಒದಗುತ್ತವೆ. ಪರಿಸರ ಅಧ್ಯಯನದಲ್ಲಿ ಎಲೆ ಸಂಗ್ರಹ, ಬೀಜ ಮೊಳಕೆ ಕಟ್ಟುವುದು, ಮನೆಯವರ ಕಸುಬು ವಿಚಾರಿಸಿ ಬರುವುದು ಸೇರಿವೆ. ಹವಾಮಾನ ನಕ್ಷೆಯಲ್ಲಿ ಮಕ್ಕಳು ದಿನವೂ ಬಿಸಿಲು, ಮೋಡ, ಮಳೆಯ ಗುರುತು ಹಾಕುತ್ತಾರೆ. ತಿಂಗಳ ಕೊನೆಗೆ ಮಳೆ ಬಂದ ದಿನಗಳನ್ನು ಎಣಿಸಿದರೆ ಅದೇ ಗಣಿತದ ಪಾಠವೂ ಆಗುತ್ತದೆ.

ನಲಿ-ಕಲಿಯ ಆಚೆಗೂ ಸರ್ಕಾರಿ ಶಾಲೆಗಳಲ್ಲಿ ಜನಪ್ರಿಯವಾಗಿರುವುದು ಮೆಟ್ರಿಕ್ ಮೇಳ ಅಥವಾ ಮಕ್ಕಳ ಸಂತೆ. ಮಕ್ಕಳು ಸೊಪ್ಪು, ತರಕಾರಿ, ಚುರುಮುರಿ, ಪಾನಕ ತಂದು ಅಂಗಳದಲ್ಲಿ ಅಂಗಡಿ ಹೂಡುತ್ತಾರೆ, ಊರವರು ಗಿರಾಕಿಗಳು. ಕಟ್ಟಿಗೆ 5 ರೂಪಾಯಿಯಂತೆ ಮೂರು ಕಟ್ಟು ಕೊತ್ತಂಬರಿ ಮಾರಿ, 20 ರೂಪಾಯಿ ನೋಟಿಗೆ ಚಿಲ್ಲರೆ ಎಣಿಸಿ ಕೊಡುವ ಮಗುವಿಗೆ ಲೆಕ್ಕದ ಜೊತೆಗೆ ಮಾತಿನ ಧೈರ್ಯವೂ ಬರುತ್ತದೆ.

ವಿಸ್ತರಣೆ

ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ, ಅನಂತರ 3ನೆಯ ತರಗತಿಗೆ ವಿಸ್ತರಿಸಲಾಯಿತು. ಋಷಿವ್ಯಾಲಿಯ ಮಾದರಿಯನ್ನೇ ಅನುಸರಿಸಿ 2003ರಲ್ಲಿ ಚೆನ್ನೈ ಮಹಾನಗರಪಾಲಿಕೆಯ ಶಾಲೆಗಳಲ್ಲೂ ಇಂಥ ಕ್ರಮ ಆರಂಭವಾಗಿ ಮುಂದೆ ತಮಿಳುನಾಡಿನಾದ್ಯಂತ ಹರಡಿತು. ಕೋವಿಡ್ ಬಳಿಕ, 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮದ ಅಂಗವಾಗಿ ಕರ್ನಾಟಕದಲ್ಲಿ ನಡೆದ ಕಲಿಕಾ ಹಬ್ಬಗಳು ಹಾಡು, ಆಟ, ಕಾಗದ-ಕತ್ತರಿ ಕೆಲಸ, ಊರು ತಿಳಿಯುವ ಚಟುವಟಿಕೆಗಳನ್ನು ಮೇಲಿನ ತರಗತಿಯ ಮಕ್ಕಳಿಗೂ ಒದಗಿಸಿದವು.

ಮಿತಿಗಳು ಮತ್ತು ಮಹತ್ವ

ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳ ಮಾತು ಕೇಳಿ ರಚಿಸಿದ ಸಾಮಗ್ರಿಗೂ ಇಡೀ ರಾಜ್ಯಕ್ಕೆ ಒಂದೇ ಅಚ್ಚಿನಲ್ಲಿ ಬರುವ ಕಾರ್ಡುಗಳಿಗೂ ಅಂತರವಿದೆ. ಹರಿದ ಕಾರ್ಡುಗಳ ಬದಲು ಹೊಸವು ಬಾರದಿದ್ದರೆ, ತರಬೇತಿ ಕೊರತೆಯಾದರೆ, ಒಬ್ಬರೇ ಶಿಕ್ಷಕರ ಮೇಲೆ ಬೇರೆ ಕೆಲಸಗಳ ಹೊರೆ ಬಿದ್ದರೆ ಏಣಿ ಗೋಡೆಯ ಅಲಂಕಾರವಾಗಿಬಿಡುತ್ತದೆ. ನೆರವಿಲ್ಲದೆ ಕೂತ ಗುಂಪು ಬರಿದೆ ಕಾಲ ಕಳೆಯುತ್ತದೆ. ಪುಸ್ತಕ, ಮನೆಗೆಲಸ ಕಾಣದ ಪೋಷಕರಿಗೆ ಮಗು ಆಡುತ್ತಿದೆಯಷ್ಟೇ ಎನ್ನಿಸುವುದೂ ಉಂಟು. 4ನೆಯ ತರಗತಿಯಲ್ಲಿ ಪಠ್ಯಪುಸ್ತಕ ಕೇಂದ್ರಿತ ಬೋಧನೆಗೆ ಹೊಂದಿಕೊಳ್ಳುವುದು ಕೆಲವು ಮಕ್ಕಳಿಗೆ ಕಷ್ಟ.

ಇಷ್ಟಿದ್ದರೂ ಬಡವರ ಮಕ್ಕಳು ಓದುವ ಸರ್ಕಾರಿ ಶಾಲೆಯಲ್ಲಿ, ದುಬಾರಿ ಸಲಕರಣೆಗಳಿಲ್ಲದೆ, ಬೀಜ ಕಡ್ಡಿ ಕಾಗದಗಳಿಂದಲೇ ಸೃಜನಶೀಲ ಕಲಿಕೆ ಸಾಧ್ಯವೆಂಬುದನ್ನು ನಲಿ-ಕಲಿ ತೋರಿಸಿಕೊಟ್ಟಿದೆ. ಚಟುವಟಿಕೆಯನ್ನು ಆರಿಸುವ ಯಾವ ಶಿಕ್ಷಕರೂ ಇದರಿಂದ ಪಡೆಯಬಹುದಾದ ಮಾರ್ಗದರ್ಶನ ಸರಳವಾಗಿದೆ: ಈ ಮಗು ಈಗ ಯಾವ ಮೆಟ್ಟಿಲಲ್ಲಿದೆ, ಈ ಆಟ ಅದನ್ನು ಮುಂದಿನ ಮೆಟ್ಟಿಲಿಗೆ ಒಯ್ಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.